ಬೆಳ್ಳುಳ್ಳಿ ಕಲ್ಲಿನ ಬಾವಿ

ಪ್ರತಿ ಯುಗಾದಿಗೂ ನಾನು ಅರಳಿಕಟ್ಟೆಯ ಮುಂದೆ ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದೆ. ದೇವರಿಗೆ ಕೈಮುಗಿಯಲು ಅಲ್ಲ, ಬೇವುಬೆಲ್ಲದ ಆಸೆಗೂ ಅಲ್ಲ. ಆವುಲಪ್ಪ ಮಾಮನ ಅಂಗೈ ನೋಡಲು. ಅವನು ಬೊಗಸೆಯೊಡ್ಡಿ ತನ್ನ ಬಾವಿಯ ನೀರು ಕುಡಿಯುವಾಗ ಅಂಗೈಯಲ್ಲಿ ಎದ್ದಿದ್ದ ಗಂಟುಗಳನ್ನು ಎಣಿಸುತ್ತಿದ್ದೆ. ರಾಗಿ ಕಾಳಿನಷ್ಟು ಸಣ್ಣವು, ಅಷ್ಟೇ ಗಟ್ಟಿ. ಎಂಬತ್ನಾಲ್ಕರ ಯುಗಾದಿಗೆ ಹದಿನೈದೋ ಹದಿನಾರೋ ಇದ್ದವು. ಮರುವರ್ಷ ಎಣಿಕೆಗೆ ಸಿಗದಷ್ಟಾದವು. ನನಗೆ ಹೊಟ್ಟೆ ತಣ್ಣಗಾಯಿತು. ಇದನ್ನು ಓದಿ ನೀವು ಮುಖ ಸಿಂಡರಿಸುವುದಾದರೆ ಸಿಂಡರಿಸಿಕೊಳ್ಳಿ. ನಿಮ್ಮಪ್ಪನನ್ನು ಯಾರೂ ಊರ ಮುಂದೆ ನಿಲ್ಲಿಸಿ ವಿಷ ಹಾಕಿದವನು ಎಂದಿಲ್ಲ.

ನಮ್ಮೂರು ಮಾರನದೊಡ್ಡಿ. ಸೂಳಗಿರಿಯಲ್ಲಿ ಬಸ್ಸಿಳಿದು ಎರಡು ಗಂಟೆ ನಡೆದರೆ ಸಿಗುವ ಮೂವತ್ತು ಮನೆಗಳ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸ್ಕೂಲಿನಲ್ಲಿ ತಮಿಳು, ಜಗಳಕ್ಕೆ ಮೂರೂ. ನಮ್ಮಪ್ಪ ತಿಮ್ಮಣ್ಣ ದನದ ವೈದ್ಯ. ಅಮ್ಮ ನನ್ನನ್ನು ಹೆತ್ತ ವರ್ಷವೇ ಹೋದಳು, ಸಾಕಿದವನು ಅಪ್ಪನೇ. ಹೊಟ್ಟೆಯುಬ್ಬರಕ್ಕೆ ಮೆಣಸು, ಓಮ, ಬೆಳ್ಳುಳ್ಳಿ ಅರೆದು ಬಿದಿರಿನ ಗೊಟ್ಟದಲ್ಲಿ ತುಂಬಿ ದನದ ಗಂಟಲಿಗೆ ಹೊಯ್ಯುತ್ತಿದ್ದ. ಅಡ್ಡ ತಿರುಗಿದ ಕರುವನ್ನು ಕೈಹಾಕಿ ಸರಿಮಾಡಿ ಈಯಿಸುತ್ತಿದ್ದ. ಯಾರ ಮನೆಯ ಹಸುವಾದರೂ ಅವನ ಹೆಗಲ ಮೇಲೆ ತಲೆಯಿಡುತ್ತಿತ್ತು. ಆವುಲಪ್ಪ ಮಾಮ ನಮ್ಮಮ್ಮನಿಗೆ ದೊಡ್ಡಪ್ಪನ ಮಗ. ಅಪ್ಪನನ್ನು ಬಾಯಿ ತುಂಬ "ಭಾವ" ಎಂದು ಕರೆಯುತ್ತಿದ್ದ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಎಪ್ಪತ್ತೆರಡರಲ್ಲಿ ಯಾವುದೋ ಕಂಪನಿಯವರು ಬಂದು ಊರ ಪಡುವಣ ಗುಡ್ಡದ ಬುಡದಲ್ಲಿ ಚಿನ್ನ ಹುಡುಕಿದರು. ಎರಡು ವರ್ಷ ಗುಂಡಿ ತೋಡಿ, ಸಿಕ್ಕಿದ್ದು ಖರ್ಚಿಗೂ ಸಾಲದು ಎಂದು ಡೇರೆ ಕಿತ್ತುಕೊಂಡು ಹೋದರು. ಅವರು ಬಿಟ್ಟುಹೋದದ್ದು ಆಳೆತ್ತರದ ಕಲ್ಲಿನ ರಾಶಿ. ಒಡೆದ ಮುಖದಲ್ಲಿ ಬೆಳ್ಳಿಯಂತೆ ಮಿನುಗುವ ಕಲ್ಲು. ಸುತ್ತಿಗೆ ಏಟು ಬಿದ್ದಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತಿದ್ದುದರಿಂದ ಕಲ್ಲು ಒಡೆಯುವವರು ಅದನ್ನು ಬೆಳ್ಳುಳ್ಳಿ ಕಲ್ಲು ಎಂದೇ ಕರೆದರು. ಕಂಪನಿಗೆ ಆಳು ಒದಗಿಸಿದ್ದವನು ಆವುಲಪ್ಪ ಮಾಮ. ರಾಶಿಯ ಕೆಳಗೇ ಅವನ ಹೊಲ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಪೈಕಿಯಲ್ಲ ಅವನು. ಹೊಸದಾಗಿ ತೋಡಿಸಿದ ಬಾವಿಗೆ ತಳದಿಂದ ಕಟ್ಟೆಯವರೆಗೆ ಅದೇ ಕಲ್ಲು ಕಟ್ಟಿಸಿದ. ಬಿಸಿಲಿಗೆ ಬಾವಿಯ ಒಳಮೈ ಥಳಥಳ ಹೊಳೆಯುತ್ತಿತ್ತು. ತೊರಪಲ್ಲಿ ಅಗ್ರಹಾರದ ಕಡೆಯಿಂದೆಲ್ಲ ನೆಂಟರು ಬಂದು ಇಣುಕಿ ನೋಡಿ ಹೋದರು. ಇವನು ಮೀಸೆ ತಿರುವಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಹೊಳಪು ಹೋಯಿತು. ಕಲ್ಲುಗಳು ತುಕ್ಕು ಬಣ್ಣಕ್ಕೆ ತಿರುಗಿದವು. ಸಂದುಗಳಲ್ಲಿ ಹಳದಿ ಬೆರೆತ ಹಸಿರು ಹಕ್ಕಳೆ ಕಟ್ಟಿತು. ಕೂಲಿಗೆ ಹೋಗುವವರು ಈ ನೀರು ಬಾಯಿಗೆ ಹಿಡಿಸದು ಎಂದು ಮನೆಯಿಂದಲೇ ನೀರು ಒಯ್ಯತೊಡಗಿದರು.

ಎಪ್ಪತ್ತಾರರ ಬೇಸಿಗೆಯ ಕೊನೆಗೆ ಮೊದಲ ಮಳೆ ಬಿತ್ತು. ಅಷ್ಟು ದಿನ ಒಣಗಿ ಪುಡಿಗಟ್ಟಿದ್ದ ರಾಶಿಯ ಮೇಲೆ ಹರಿದ ನೀರು ಕೆಳಗಿನ ಹಳ್ಳದಲ್ಲಿ ನಿಂತಿತು. ಆವುಲಪ್ಪ ಮಾಮನ ಜೋಡೆತ್ತು, ಎರಡು ಎಮ್ಮೆ ಆ ನೀರು ಕುಡಿದು ಬಂದವು. ಸಂಜೆಗೆ ಕಾಲು ಸೋತು ಬಿದ್ದವು, ನೀರಿನಂತೆ ಭೇದಿ. ಅಪ್ಪ ಓಡಿದ, ಗೊಟ್ಟದಲ್ಲಿ ಔಷಧಿ ಹೊಯ್ದ, ಎತ್ತಿನ ಬಾಯಿಯ ಹತ್ತಿರವೇ ಕೂತ. ಮಾರನೆಯ ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಸತ್ತವು. ಕೃಷ್ಣಗಿರಿಯಿಂದ ಬಂದ ಸರ್ಕಾರಿ ದನದ ಡಾಕ್ಟರು, ಊರವರ ಬಾಯಲ್ಲಿ ಸೂಜಿ ಡಾಕ್ಟರು, ಎತ್ತಿನ ಹೊಟ್ಟೆಯ ಚೂರನ್ನು ಬಾಟಲಿಯಲ್ಲಿ ಹಾಕಿ ಪಟ್ಟಣಕ್ಕೆ ಕಳಿಸಿದರು. ಮೂರು ವಾರಕ್ಕೆ ಕಾಗದ ಬಂತು: ಹೊಟ್ಟೆಯಲ್ಲಿ ಪಾಷಾಣ.

ಅಪ್ಪನ ಚೀಲದಲ್ಲಿ ಹುಳು ಬಿದ್ದ ಗಾಯಕ್ಕೆ ಹಚ್ಚುವ ಗೌರಿಪಾಷಾಣದ ಸಣ್ಣ ಪೊಟ್ಟಣ ಇತ್ತು. ಊರಿಗೆಲ್ಲ ಗೊತ್ತಿದ್ದದ್ದೇ. ಎಲ್ಲರ ದನಕ್ಕೂ ಅದನ್ನು ಹಚ್ಚಿದ್ದ. ಆದರೆ ಅರಳಿಕಟ್ಟೆಯ ಮೇಲೆ ಆ ಪೊಟ್ಟಣ ಬಿಚ್ಚಿಟ್ಟಾಗ ಒಬ್ಬರಿಗೂ ಅದರ ನೆನಪಾಗಲಿಲ್ಲ.

"ಭಾವ ಭಾವ ಅಂತ ಕರೀತಿದ್ನಲ್ಲಪ್ಪಾ ನಿನ್ನ," ಎಂದು ಆವುಲಪ್ಪ ಮಾಮ ಶುರುಮಾಡಿದ. "ಹೋದ್ ವರ್ಸ ಸೂಜಿ ಡಾಕ್ಟ್ರ ಮನೇಗೆ ಕರ್ಸಿದ್ಕೆ ನಿಂಗೆ ಹೊಟ್ಟೆಕಿಚ್ಚು. ಅದ್ಕೆ ನನ್ನ ಎತ್ತು ತಿಂದ್ಬುಟ್ಟೆ."

ಅಪ್ಪನಿಗೆ ಮಾತು ಬರುತ್ತಿರಲಿಲ್ಲ. ದನಗಳ ಜೊತೆ ಬಿಟ್ಟರೆ ಯಾರ ಜೊತೆಗೂ ಸರಾಗವಾಗಿ ಮಾತಾಡಿದವನಲ್ಲ. "ಸಾಯೋ ಎತ್ತಿನ ಉಸುರಲ್ಲಿ ಬೆಳ್ಳುಳ್ಳಿ ವಾಸ್ನೆ ಬಂತು," ಎಂದ. "ಆ ಕಲ್ಲು ಒಡದ್ರೂ ಅದೇ ವಾಸ್ನೆ. ಕಲ್ಲಾಗೆ ಏನೋ ಐತೆ. ಹಳ್ಳದ ನೀರ್ನ, ಬಾವಿ ನೀರ್ನ ನೋಡ್ರಪ್ಪಾ."

"ಗೊಟ್ಟದಾಗೆ ಬೆಳ್ಳುಳ್ಳಿ ಅರ್ದು ಹೊಯ್ದೋನು ನೀನೇ! ಅದ್ರ ಬಾಯಲ್ಲಿ ಇನ್ನೇನು ಮಲ್ಲಿಗೆ ವಾಸ್ನೆ ಬತ್ತದಾ?"

ಊರಿಗೆ ಊರೇ ನಕ್ಕಿತು. ಆಗ ನನಗೆ ಹದಿನಾರು ವರ್ಷ. ಯಾರ್ಯಾರು ನಕ್ಕರು ಎಂದು ಇವತ್ತಿಗೂ ಹೆಸರು ಹಿಡಿದು ಹೇಳಬಲ್ಲೆ.

ಸಾಕ್ಷಿ ಇಲ್ಲದ ವ್ಯಾಜ್ಯಕ್ಕೆ ನಮ್ಮ ದೊಡ್ಡಿಯಲ್ಲಿ ನೀರಾಣೆ ಇತ್ತು. ಆಣೆ ಮಾಡುವವನು ವ್ಯಾಜ್ಯದ ನೀರನ್ನು ಮೂರು ಬೊಗಸೆ ಕುಡಿಯಬೇಕು. ಅಲ್ಲಿಂದ ಹನ್ನೆರಡು ಯುಗಾದಿ ಅವನ ಮನೆಯವರೆಲ್ಲ ಅದೇ ನೀರು ಕುಡಿಯಬೇಕು, ಪ್ರತಿ ಯುಗಾದಿಗೂ ಊರ ಮುಂದೆ ಕುಡಿದು ತೋರಿಸಬೇಕು. ನಡುವೆ ನೀರು ಬದಲಿಸಿದರೆ ಆಣೆ ಸುಳ್ಳು. ಹನ್ನೆರಡಕ್ಕೆ ಮೊದಲು ಆಣೆ ಇಳಿಯಲು ಇನ್ನೊಂದೇ ದಾರಿ: ಎದುರು ಕಡೆಯವನು ತನ್ನ ಮನೆಯಿಂದ ಒಂದು ಕೊಡ ನೀರು ಹೊತ್ತು ತಂದು ಆಣೆ ಮಾಡಿದವನ ಹೊಸ್ತಿಲಲ್ಲಿ ಇಳಿಸುವುದು. ಹಾಗೆ ಇಳಿಸಿದರೆ ತಪ್ಪು ನನ್ನದೇ ಎಂದು ಒಪ್ಪಿಕೊಂಡ ಹಾಗೆ. ಹಳ್ಳದ ನೀರು ಅಷ್ಟರಲ್ಲಿ ಇಂಗಿಹೋಗಿತ್ತು, ಅದೇ ಕಲ್ಲು ಕಟ್ಟಿದ ಬಾವಿಯ ನೀರೇ ವ್ಯಾಜ್ಯದ ನೀರಾಯಿತು.

"ನನ್ನ ಬಾವಿ ನೀರಾಗೆ ಏನೂ ಇಲ್ಲ, ವಿಸ ಇದ್ದಿದ್ದು ಇವ್ನ ಕೈಯಾಗೆ," ಎಂದು ಆವುಲಪ್ಪ ಮಾಮ ಮೂರು ಬೊಗಸೆ ಗಟಗಟ ಕುಡಿದ. ಮೀಸೆ ಒರೆಸಿಕೊಂಡು ನಗುತ್ತ ನಿಂತ. ಏನೂ ಆಗಲಿಲ್ಲ. ನಾಲ್ಕು ದಿನವಾದರೂ ಏನೂ ಆಗಲಿಲ್ಲ. ಯಜಮಾನ ವೆಂಕಟಸ್ವಾಮಿ ತೀರ್ಪು ಕೊಟ್ಟ: ಇನ್ನು ತಿಮ್ಮಣ್ಣ ಯಾರ ದನವನ್ನೂ ಮುಟ್ಟಕೂಡದು.

ಅಪ್ಪ ಗೊಟ್ಟವನ್ನು ಗೋಡೆಯ ಮೊಳೆಗೆ ತೂಗುಹಾಕಿದ. ಇದ್ದ ಒಂದು ಎಕರೆಯಲ್ಲಿ ರಾಗಿ ಬೆಳೆದುಕೊಂಡು ಸುಮ್ಮನಾದ. ಪಕ್ಕದ ಕೊಟ್ಟಿಗೆಯಲ್ಲಿ ಹಸು ಈಯಲಾರದೆ ಅರಚುವಾಗ ಎದ್ದು ಬಾಗಿಲವರೆಗೆ ಹೋಗಿ, ಅಲ್ಲೇ ನಿಂತು, ತಿರುಗಿ ಬಂದು ಕೂರುತ್ತಿದ್ದ. ಅವನ ಕೈಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ, ಗಾಳಿಯಲ್ಲೇ ಕರುವನ್ನು ತಿರುಗಿಸುತ್ತಿದ್ದವು. ನನಗೆ ಬಂದ ಎರಡು ಸಂಬಂಧ ತಪ್ಪಿಹೋದವು. ವಿಷದವನ ಮಗಳ ಕೈಯಲ್ಲಿ ಅನ್ನ ತಿನ್ನುವವರು ಯಾರು? ಮೂರನೆಯದಕ್ಕೆ ನಾನೇ ಬೇಡ ಎಂದೆ. ನನಗೆ ಬೇಕಾಗಿದ್ದದ್ದು ಗಂಡನಲ್ಲ. ಆವುಲಪ್ಪ ಮಾಮ ಊರ ಮುಂದೆ ನಿಂತು, ತಿಮ್ಮಣ್ಣ ಹಾಕಿದ್ದಲ್ಲ ಎಂದು ತನ್ನ ಬಾಯಲ್ಲೇ ಹೇಳಬೇಕಿತ್ತು. ಅಷ್ಟೇ. ಅದಕ್ಕೆ ಏನು ಬೇಕಾದರೂ ಮಾಡುತ್ತೇನೆ ಎಂದುಕೊಂಡೆ, ಮಾಡಿದೆ ಕೂಡ.

ಎಂಬತ್ಮೂರರಲ್ಲಿ ಕೃಷ್ಣಗಿರಿಯ ಒಂದು ಕಾಲೇಜಿನ ರಸಾಯನ ಲ್ಯಾಬಿನಲ್ಲಿ ನನಗೆ ಅಟೆಂಡರ್ ಕೆಲಸ ಸಿಕ್ಕಿತು. ಗಾಜಿನ ಸಾಮಾನು ತೊಳೆಯುವುದು, ಆಸಿಡ್ ಅಳೆದು ಕೊಡುವುದು. ಊರಲ್ಲಿ ನನ್ನ ಕೈಯಿಂದ ಮಜ್ಜಿಗೆ ಮುಟ್ಟದವರಿದ್ದರು, ಇಲ್ಲಿ ಇಡೀ ಕಾಲೇಜಿನ ವಿಷದ ಬಾಟಲಿಗಳ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಲ್ಯಾಬಿನ ಮೇಡಂ ಸೇಲಂ ಕಡೆಯವರು, ಕನ್ನಡ ಬಾರದು. ಮರುವರ್ಷದ ಯುಗಾದಿ ಕಳೆದ ಮೇಲೆ ಒಂದು ದಿನ ಮಕ್ಕಳಿಗೆ ಪಾಷಾಣ, ಅವರ ಮಾತಿನಲ್ಲಿ ಆರ್ಸೆನಿಕ್, ಕಂಡುಹಿಡಿಯುವ ಪರೀಕ್ಷೆ ತೋರಿಸುತ್ತ, ಇದರ ಅದಿರನ್ನು ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ ಎಂದರು. ನನ್ನ ಕೈಯಲ್ಲಿದ್ದ ಬೀಕರ್ ಜಾರಿ ಚೂರಾಯಿತು.

ಮುಂದಿನ ಸೋಮವಾರ ಬಟ್ಟೆಯಲ್ಲಿ ಸುತ್ತಿದ ಒಂದು ಕಲ್ಲು, ಒಂದು ಬಾಟಲಿ ಬಾವಿ ನೀರು ತಂದು ಅವರ ಮೇಜಿನ ಮೇಲಿಟ್ಟೆ. ಮೇಡಂ ಬಾಟಲಿಗೆ ಸತುವಿನ ಚೂರು, ಆಸಿಡ್ ಹಾಕಿ, ಮದ್ದು ಹಚ್ಚಿ ಒಣಗಿಸಿದ ಬಿಳಿ ಕಾಗದವನ್ನು ಬಾಯಿಗೆ ಮುಚ್ಚಿದರು. ಪಕ್ಕದಲ್ಲಿ ಕಾಲೇಜಿನ ನಲ್ಲಿ ನೀರಿಗೂ ಹಾಗೇ ಮಾಡಿದರು. ನಲ್ಲಿ ನೀರಿನ ಕಾಗದ ಬೆಳ್ಳಗೇ ಉಳಿಯಿತು. ನಮ್ಮ ಕಾಗದದ ನಡುವೆ ಹಳದಿ ಮೂಡಿ, ನೋಡುನೋಡುತ್ತ ಕಂದಾಯಿತು.

"ಇದು ಎಂಗಿರುಂದು ಕೊಂಡುವಂದೆ?" ಎಂದು ಕೇಳಿದರು, ಎಲ್ಲಿಂದ ತಂದೆ ಎಂದು. ಅವರ ದನಿ ಬದಲಾಗಿತ್ತು.

ನಾನು ಎಲ್ಲ ಹೇಳಿದೆ. ಅವರು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ ವಿವರಿಸಿದರು. ಭೂಮಿಯೊಳಗೆ ಗಾಳಿ ತಾಕದೆ ಮಲಗಿದ್ದಾಗ ಈ ಕಲ್ಲು ಯಾರಿಗೂ ಏನೂ ಮಾಡುವುದಿಲ್ಲ. ಒಡೆದು ಮೇಲೆ ತಂದು ಹಾಕಿದಾಗ ಗಾಳಿಯೂ ನೀರೂ ಸೇರಿ ಅದನ್ನು ತಿನ್ನುತ್ತವೆ. ಒಳಗಿನ ಕಬ್ಬಿಣ ತುಕ್ಕಾಗುತ್ತದೆ, ಗಂಧಕ ಆಸಿಡ್ ಆಗುತ್ತದೆ, ಪಾಷಾಣ ಬಿಡುಗಡೆಯಾಗಿ ಸ್ವಲ್ಪ ಆ ಹಸಿರು ಹಕ್ಕಳೆಯಲ್ಲಿ ಕೂರುತ್ತದೆ, ಸ್ವಲ್ಪ ನೀರಿಗಿಳಿಯುತ್ತದೆ. ಬಾವಿಯಲ್ಲಿ ಬೇಸಿಗೆಗೆ ನೀರು ಇಳಿದು ಮಳೆಗೆ ಏರುವ ಜಾಗದ ಕಲ್ಲು ಎಲ್ಲಕ್ಕಿಂತ ಕೆಟ್ಟದ್ದು, ವರ್ಷ ವರ್ಷ ನೆನೆದು ಒಣಗಿ ನೆನೆದು ಒಣಗಿ ಕರಗುತ್ತದೆ. ರಾಶಿಯ ಮೇಲೆ ಬಿದ್ದ ಮೊದಲ ಮಳೆಯ ನೀರಂತೂ ನೇರ ವಿಷವೇ, ದನ ಸಾಯದೆ ಇರುತ್ತವೆಯೇ? ಬಾವಿ ನೀರು ಒಮ್ಮೆಗೇ ಕೊಲ್ಲುವುದಿಲ್ಲ. ಹತ್ತು ವರ್ಷ ತೆಗೆದುಕೊಳ್ಳುತ್ತದೆ. ಮೊದಲು ಚರ್ಮಕ್ಕೆ ಮಚ್ಚೆ, ಆಮೇಲೆ ಅಂಗೈ ಅಂಗಾಲಿನಲ್ಲಿ ಗಂಟು, ಆಮೇಲೆ ಹುಣ್ಣು.

"ಇವತ್ತೇ ಹೋಗಿ ಅವರಿಗೆ ಹೇಳು," ಎಂದರು ಮೇಡಂ. ಆಗಲಿ ಎಂದೆ. ಕಂದು ಚುಕ್ಕೆಯ ಕಾಗದವನ್ನು ಗಾಜಿನ ನಳಿಕೆಯಲ್ಲಿ ಹಾಕಿ ಮುಚ್ಚಿ ರವಿಕೆಯೊಳಗಿಟ್ಟುಕೊಂಡೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸೂಳಗಿರಿ ಬರುವವರೆಗೂ ಅತ್ತೆ. ಎಂಟು ವರ್ಷದ ಹಿಂದೆ ನಮ್ಮಪ್ಪ, ಓದು ಬರಹ ಬಾರದ ನಮ್ಮಪ್ಪ, ಬರೀ ಮೂಗಿನಿಂದ ಇದನ್ನೇ ಹೇಳಿದ್ದ.

ಆವುಲಪ್ಪ ಮಾಮ ಬಾವಿಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ನಾನು ಅಲ್ಲೇ ಬಿದ್ದಿದ್ದ ಸುತ್ತಿಗೆ ತೆಗೆದುಕೊಂಡು ಕಟ್ಟೆಯ ಕಲ್ಲಿಗೆ ಒಂದು ಹಾಕಿದೆ. ಬೆಳ್ಳುಳ್ಳಿ ವಾಸನೆ ಎದ್ದಿತು. ಕಾಗದ ತೋರಿಸಿದೆ. ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ, ಅಂಗೈಯ ಗಂಟಿನ ವಿಷಯ ಬಿಟ್ಟು. ಅಷ್ಟರಲ್ಲಿ ಅವನೇ ತನ್ನ ಅಂಗೈಗಳನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಆಗ ನನಗೆ ತಿಳಿಯಿತು, ಇವನಿಗೆ ಒಳಗೊಳಗೇ ಸಂಶಯ ಹುಟ್ಟಿ ಎಷ್ಟೋ ಕಾಲವಾಗಿದೆ ಎಂದು.

"ಒಂದು ಮಾತು ಹೇಳು ಮಾಮ," ಎಂದೆ. "ಅರಳಿಕಟ್ಟೆ ಮುಂದೆ ನಿಂತ್ಕೊಂಡು ನಮ್ಮಪ್ಪ ಹಾಕಿಲ್ಲ ಅಂತ ಹೇಳು. ಆವತ್ತೇ ಈ ನೀರು ಬುಡಬೌದು."

"ಊರ್ ಮುಂದೆ ಎಂಟು ಯುಗಾದಿ ಕುಡ್ದಿದೀನಿ," ಎಂದ. "ಇವತ್ತು ಸುಳ್ಳಾಣೆ ಇಟ್ಟೋನು ಅನ್ನಿಸ್ಕೊಳ್ಳಾ? ಇನ್ನು ನಾಕು ಯುಗಾದಿ ಕಣಮ್ಮಾ. ಕುಡೀತೀನಿ."

"ಮನೇಲಿ ಅತ್ತೆ ಅವ್ರೆ, ಅಂಜಮ್ಮ ಅವ್ಳೆ, ಮಗು ಐತೆ."

"ನಮ್ಮನೆ ಉಸಾಬ್ರಿ ನಿಂಗ್ಯಾಕೆ? ಹೋಗು."

ಹೋದೆ. ಹೋಗುವಾಗ ಏನೆಂದುಕೊಂಡೆ ಗೊತ್ತೇ? ಕುಡಿ ಎಂದುಕೊಂಡೆ. ಹೊಟ್ಟೆ ತುಂಬ ಕುಡಿ. ಊರಿಗೆ ಹೇಳಿಬಿಟ್ಟರೆ ಇವನು ಪಾರಾಗುತ್ತಾನೆ. ಅಯ್ಯೋ ಪಾಪ, ಗೊತ್ತಿಲ್ಲದೆ ಆಗಿಹೋಯಿತು ಎಂದು ನಾಲ್ಕು ಜನ ಇವನ ಪರವಾಗಿ ಲೊಚಗುಟ್ಟುತ್ತಾರೆ. ಅಪ್ಪನ ಎಂಟು ವರ್ಷ ಯಾರು ವಾಪಸ್ಸು ಕೊಡುತ್ತಾರೆ? ಇವನು ತಾನಾಗಿ ಬಾಯಿ ಬಿಡಬೇಕು, ಇಲ್ಲ ಕುಡಿಯಬೇಕು. ಮೇಡಂ ಕೇಳಿದಾಗ ಹೇಳಿದ್ದೇನೆ ಎಂದೆ. ಅದು ಸುಳ್ಳೂ ಅಲ್ಲವಲ್ಲ. ಇವನ ಹೆಂಡತಿ ಚಿನ್ನಮ್ಮತ್ತೆ, ಸೊಸೆ ಅಂಜಮ್ಮ, ಎರಡು ವರ್ಷದ ಮೊಮ್ಮಗಳು ಜಲಜ, ಈ ಮೂವರ ಲೆಕ್ಕ ನನ್ನ ಮನಸ್ಸಿಗೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು. ಅದಕ್ಕೂ ಇವನೇ ಹೊಣೆ ಎಂದು ಪಕ್ಕಕ್ಕಿಟ್ಟೆ.

ಎಂಬತ್ತೈದು, ಎಂಬತ್ತಾರು, ಎರಡು ಯುಗಾದಿಗೂ ಮುಂದೆ ನಿಂತು ನೋಡಿದೆ. ಎಂಬತ್ತಾರರಲ್ಲಿ ಅವನ ಬೊಗಸೆ ಸರಿಯಾಗಿ ಕೂಡಲೇ ಇಲ್ಲ. ಗಂಟುಗಟ್ಟಿದ ಬೆರಳುಗಳ ಸಂದಿನಿಂದ ಅರ್ಧ ನೀರು ಸೋರಿಹೋಯಿತು. ಕುಡಿಯುತ್ತ ನನ್ನತ್ತ ನೋಡಿದ. ನಾನೂ ಕಣ್ಣು ತೆಗೆಯಲಿಲ್ಲ. ಆ ನೂರು ಜನರ ನಡುವೆ ಅಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಅದಾದ ಹತ್ತು ದಿನಕ್ಕೆ, ಒಂದು ಭಾನುವಾರ, ನಾನು ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದೆ. ಅಪ್ಪ ಬೀದಿಯಿಂದ ಬಂದವನು ನೇರ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ಮುಖ ಬೆಳ್ಳಗಾಗಿತ್ತು.

"ಆವುಲಪ್ಪನ ಮೊಮ್ಮಗ ಬೀದಿಯಾಗೆ ಆಡ್ತಿತ್ತು ಕಣಮ್ಮ," ಎಂದ. ಅಪ್ಪನಿಗೆ ಹೆಣ್ಣೋ ಗಂಡೋ ಎಲ್ಲ ಮಗುವೂ ಮೊಮ್ಮಗನೇ. "ಜಲಜ. ಮೈಮೇಲೆ ಬಟ್ಟೆ ಇರ್ಲಿಲ್ಲ. ಎದೆ ಮೇಲೆಲ್ಲ ಮಚ್ಚೆ, ಧೂಳಿನ ಮ್ಯಾಲೆ ಮಳೆಹನಿ ಬಿದ್ದಂಗೆ. ಅಂಗೈ ನೋಡ್ದೆ, ಒರಟು. ದನಕ್ಕೆ ಬಂದಿದ್ರೆ ಏನಾದ್ರೂ ಹೇಳ್ತಿದ್ದೆ. ನೀನು ಕಾಲೇಜಾಗೆ ಇದೀಯ, ಅದೇನು ಅಂತ ನಿಮ್ಮ ಮೇಡಮ್ಮನ್ನ ಕೇಳು."

ನಾನು ಕಾಯುತ್ತಿದ್ದ ಹೊತ್ತು ಬಂತು ಎನಿಸಿತು. ಒಳಗೆ ಹೋಗಿ ಟ್ರಂಕಿನಿಂದ ನಳಿಕೆ ತಂದು ಅವನ ಕೈಗಿಟ್ಟೆ. "ಅಪ್ಪಾ, ನೀನು ಗೆದ್ದೆ," ಎಂದೆ. ಎಲ್ಲ ಹೇಳಿದೆ. ಕಲ್ಲು, ತುಕ್ಕು, ಹಳ್ಳದ ನೀರು, ಎತ್ತಿನ ಉಸಿರು. ಅವನು ನಳಿಕೆಯನ್ನು ಬಿಸಿಲಿಗೆ ಹಿಡಿದು ಕಂದು ಚುಕ್ಕೆಯನ್ನು ತುಂಬ ಹೊತ್ತು ನೋಡಿದ. ಅಳುತ್ತಾನೆ ಎಂದುಕೊಂಡೆ. ನಗುತ್ತಾನೆ ಎಂದುಕೊಂಡೆ.

"ಇದು ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದ.

"ಎರಡು ವರ್ಷ ಆಯ್ತು."

ಅಪ್ಪ ನಳಿಕೆಯನ್ನು ಹುಣಸೆಹಣ್ಣಿನ ಮೊರದ ಮೇಲಿಟ್ಟ. ನನ್ನನ್ನು ಯಾವತ್ತೂ ಹೊಡೆದವನಲ್ಲ, ಬೈದವನಲ್ಲ. ಆಗಲೂ ದನಿಯೆತ್ತಲಿಲ್ಲ.

"ಅವ್ನು ಸುಳ್ಳು ಹೇಳಿ ನನ್ನ ವಿಸ ಹಾಕ್ದೋನು ಅಂದ," ಎಂದ. "ನೀನು ಅದ್ನ ನಿಜ ಮಾಡ್ಬುಟ್ಯಲ್ಲಮ್ಮಾ. ಈಗ ನಮ್ಮನೆ ವಿಸದೋರ ಮನೇನೇ."

ಎದ್ದು ಒಳಗೆ ಹೋದ. ನಾನು ಏನೇನೋ ಕೂಗಿದೆ. ನಿನಗೋಸ್ಕರ ಮಾಡಿದೆ ಎಂದೆ, ನನ್ನ ಮದುವೆ ಎಂದೆ, ನಕ್ಕವರ ಹೆಸರು ಒಂದೊಂದಾಗಿ ಹೇಳಿದೆ. ಅವನು ಹೊರಗೆ ಬಂದಾಗ ಹೆಗಲ ಮೇಲೆ ನಮ್ಮ ಹಿತ್ತಾಳೆ ಕೊಡ ಇತ್ತು, ಊರ ಬಾವಿಯಿಂದ ಬೆಳಿಗ್ಗೆ ನಾನೇ ಸೇದಿ ತಂದಿದ್ದ ನೀರು ತುಂಬಿತ್ತು. ಅವನು ಎಲ್ಲಿಗೆ ಹೊರಟ ಎಂದು ತಿಳಿದ ಕೂಡಲೇ ಅಡ್ಡ ನಿಂತೆ. "ಬ್ಯಾಡಪ್ಪಾ. ಒಪ್ಕೊಂಡಂಗಾಗ್ತದೆ. ನಾನೇ ಹೋಗಿ ಕಾಗ್ದ ತೋರಿಸ್ತೀನಿ, ಎಲ್ರಿಗೂ ಹೇಳ್ತೀನಿ."

"ಯಜಮಾನ್ರು ಸೇರಿ, ಮಾತಾಡಿ, ನಂಬೋ ಅಷ್ಟೊತ್ಗೆ ಮಗು ಇನ್ನೆಷ್ಟು ಲೋಟ ಕುಡೀತದೆ? ಜರುಗು."

ಜರುಗಿದೆ. ಹತ್ತು ವರ್ಷ ತಲೆ ತಗ್ಗಿಸಿ ನಡೆದ ಬೀದಿಯಲ್ಲಿ ಅಪ್ಪ ಅವತ್ತು ಕೊಡ ಹೊತ್ತು ನೆಟ್ಟಗೆ ನಡೆದ. ಜಗಲಿಗಳ ಮೇಲಿದ್ದವರು ಎದ್ದು ನಿಂತರು. ಆವುಲಪ್ಪ ಮಾಮ ಹೊಸ್ತಿಲ ಒಳಗೆ ನಿಂತಿದ್ದ. ಅಪ್ಪ ಕೊಡ ಇಳಿಸಿ, "ಆಣೆ ಇಳೀತು, ಇನ್ಮ್ಯಾಲೆ ಊರ ಬಾವಿ ನೀರು ಕುಡೀರಿ," ಎಂದ. ಚಿನ್ನಮ್ಮತ್ತೆ ಬಂದು ಕೊಡ ಎತ್ತಿಕೊಂಡಳು. ಹೇಳು, ಈಗಲಾದರೂ ಹೇಳು ಎಂದು ನಾನು ಆ ಮುದುಕನ ಬಾಯನ್ನೇ ನೋಡುತ್ತಿದ್ದೆ. ಅವನು ಅಪ್ಪನ ಕಾಲು ನೋಡುತ್ತ ನಿಂತಿದ್ದ, ಆಮೇಲೆ ಒಳಗೆ ಹೋದ.

ನಾನು ನಳಿಕೆ ಹಿಡಿದು ವೆಂಕಟಸ್ವಾಮಿಯ ಮನೆಗೆ ಓಡಿದೆ. ಅವನು ಅದನ್ನು ಮೂಸಿ ನೋಡಿದ. "ಕಾಲೇಜಾಗೆ ಇಂತ ಬಣ್ಣ ಹತ್ತು ತರ ಮಾಡಬೌದು ಬುಡಮ್ಮ," ಎಂದ. "ನಿಮ್ಮಪ್ಪನೇ ಕೊಡ ಹೊತ್ಕೊಂಡೋಗಿ ಒಪ್ಕೊಂಡ ಮ್ಯಾಲೆ ಇನ್ನೇನೈತೆ?"

ಅಪ್ಪ ಆಮೇಲೆ ನನ್ನ ಜೊತೆ ಮಾತು ಬಿಡಲಿಲ್ಲ. ಉಣ್ಣುತ್ತಿದ್ದ, ಬಸ್ಸು ತಡವಾಯಿತಾ ಎಂದು ಕೇಳುತ್ತಿದ್ದ. ನಾನೇ ಅವನ ಕಣ್ಣು ನೋಡುವುದನ್ನು ಬಿಟ್ಟೆ. ಸಿಟ್ಟು ಮಾತ್ರ ನನ್ನನ್ನು ಬಿಡಲಿಲ್ಲ. ಹತ್ತು ವರ್ಷ ಕಾದು ಕೈಗೆ ಬಂದದ್ದನ್ನು ಅಪ್ಪ ಒಂದು ಕೊಡ ನೀರಿನಲ್ಲಿ ತೊಳೆದುಬಿಟ್ಟ ಎಂದು ಅವನ ಮೇಲೂ ಸಿಟ್ಟಿತ್ತು.

ನೀರು ಬಿಟ್ಟರೂ ಆವುಲಪ್ಪ ಮಾಮನಿಗೆ ತಡವಾಗಿತ್ತು. ಅಂಗಾಲಿನ ಗಂಟು ಹುಣ್ಣಾಯಿತು, ಹುಣ್ಣು ಮಾಯಲಿಲ್ಲ. ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಎಂಬತ್ತೊಂಬತ್ತರ ಶ್ರಾವಣದಲ್ಲಿ, ಒಂದು ಬೆಳಿಗ್ಗೆ, ಅಂಜಮ್ಮ ನಮ್ಮ ಬಾಗಿಲಿಗೆ ಬಂದು ಸೆರಗು ಬಾಯಿಗೊತ್ತಿಕೊಂಡು ನಿಂತಳು. "ನಮ್ಮಾವ ಬಾಯಿಗೆ ನೀರು ಬುಡಕ್ಕೆ ತಿಮ್ಮಣ್ಣ ಮಾವನ್ನ ಕರೀರಿ ಅಂತವ್ರೆ," ಎಂದಳು.

ಅಪ್ಪನ ಹಿಂದೆ ನಾನೂ ಹೋದೆ. ನಡುಮನೆಯಲ್ಲಿ ಚಾಪೆಯ ಮೇಲೆ ಅವನನ್ನು ಮಲಗಿಸಿದ್ದರು. ದೊಡ್ಡಿಯ ಹಿರಿಯರೆಲ್ಲ ಸುತ್ತ ಕೂತಿದ್ದರು. ತಲೆಯ ಹತ್ತಿರ ಜಲಜ, ಏಳು ವರ್ಷ, ತಾತನಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಅಪ್ಪ ಒಳಗೆ ಬಂದಾಗ ಗುಸುಗುಸು ಎದ್ದಿತು. ತನ್ನ ಎತ್ತಿಗೆ ವಿಷ ಹಾಕಿದವನ ಕೈಯಿಂದ ಯಾರಾದರೂ ಕೊನೆಯ ನೀರು ಕುಡಿಯುತ್ತಾರೆಯೇ? ಆವುಲಪ್ಪ ಮಾಮ ಬಾಯಿ ತೆರೆದ. ಅಪ್ಪ ಒಂದು ಚಮಚ ಬಿಟ್ಟ. ಗುಟುಕರಿಸಿದ. ಅಪ್ಪ ಅವನ ಹಣೆ ಸವರಿದ, ಥೇಟು ದನದ ಹಣೆ ಸವರಿದ ಹಾಗೆ, ಮತ್ತು ಎದ್ದು ನನಗೆ ಜಾಗ ಬಿಟ್ಟ.

ನಾನು ಚಮಚದಲ್ಲಿ ನೀರು ತೆಗೆದುಕೊಂಡೆ. ಅವನು ಮತ್ತೆ ಬಾಯಿ ತೆರೆದ. ನಾಲಿಗೆ ಒಣಗಿ ಬಿಳಿಚಿಕೊಂಡಿತ್ತು. ನಾನು ಚಮಚವನ್ನು ಅವನ ತುಟಿಯಿಂದ ಒಂದು ಗೇಣು ಮೇಲೆ ಹಿಡಿದೆ, ಬಿಡಲಿಲ್ಲ.

"ಹೇಳು ಮಾಮ. ಎಲ್ರೂ ಅವ್ರೆ. ಹೇಳು, ಬುಡ್ತೀನಿ."

"ಅಯ್ಯೋ ಪಾಪಿಮುಂಡೆ," ಎಂದಳು ಚಿನ್ನಮ್ಮತ್ತೆ. ಯಾರೋ ನನ್ನ ಭುಜ ಹಿಡಿದರು. ಅಪ್ಪ, "ದೇವೀ," ಎಂದ, ಅಷ್ಟೇ. ನಾನು ಕೈ ಅಲುಗಿಸಲಿಲ್ಲ. ಆ ಹೊತ್ತಿಗೆ ಲಕ್ಷ್ಮಿದೇವಮ್ಮ ಎಂಬ ಈ ಹೆಂಗಸಿಗೆ ಯಾವ ದೇವರೂ ಬೇಕಿರಲಿಲ್ಲ.

ಆವುಲಪ್ಪ ಮಾಮನ ತುಟಿ ಅಲುಗಿತು. ನಾನು ಬಾಗಿದೆ. ಉಸಿರಿನಷ್ಟೇ ಸಣ್ಣ ದನಿಯಲ್ಲಿ ಹೇಳಿದ. ನನಗೆ ಕೇಳಿಸಿತು.

"ಏನಂದ?" ಎಂದು ವೆಂಕಟಸ್ವಾಮಿ ಗೋಡೆಯ ಹತ್ತಿರದಿಂದ ಕೇಳಿದ.

ನಾನು ಬಾಯಿ ತೆರೆದೆ. ಎಲ್ಲರ ಮುಖ ನೋಡಿದೆ. ಸಾಯುವವನಿಗೆ ನೀರು ತಡೆಹಿಡಿದವಳು, ವಿಷದವನ ಮಗಳು. ನನ್ನ ಬಾಯಿಂದ ಏನು ಬಂದರೂ ಇವರು ನಂಬುವುದಿಲ್ಲ ಎಂದು ಆಗ ಹೊಳೆಯಿತು. ಹದಿಮೂರು ವರ್ಷ ಕಾದ ಮಾತು ನನ್ನ ಕಿವಿಗೆ ಬಿದ್ದು ಅಲ್ಲೇ ಸಾಯುತ್ತಿತ್ತು.

"ತಿಮ್ಮಣ್ಣ ಭಾವ ಹಾಕಿಲ್ಲ, ಆ ಕಲ್ಲೇ ಕೊಂದಿದ್ದು ಅಂದ್ರು ತಾತ," ಎಂದಳು ಜಲಜ, ಬೀಸಣಿಗೆ ನಿಲ್ಲಿಸಿ, ಸ್ಕೂಲಿನಲ್ಲಿ ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ. ಅವಳ ಕಿವಿ ತಾತನ ಬಾಯಿಗೆ ನನಗಿಂತ ಹತ್ತಿರವಿತ್ತು.

ವೆಂಕಟಸ್ವಾಮಿ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ, ಅವನ ಬೆನ್ನು ಅಲುಗುತ್ತಿತ್ತು. ನಾನು ಚಮಚ ಬಾಗಿಸಿದೆ. ಆವುಲಪ್ಪ ಮಾಮ ಅರ್ಧ ನುಂಗಿದ, ಉಳಿದದ್ದು ಕೆನ್ನೆಯ ಮೇಲೆ ಇಳಿಯಿತು. ಕಣ್ಣು ನನ್ನ ಮೇಲೇ ಇತ್ತು, ಯುಗಾದಿಯ ದಿನ ಇರುತ್ತಿದ್ದ ಹಾಗೇ. ನನಗೆ ಬೇಕಾದದ್ದು ಸಿಕ್ಕಿತ್ತು.

"ಅಕ್ಕಾ, ನಾನೂ ಬುಡ್ತೀನಿ," ಎಂದು ಜಲಜ ಚಮಚಕ್ಕಾಗಿ ಕೈ ಚಾಚಿದಳು. ಮೂರು ವರ್ಷ ಒಳ್ಳೆಯ ನೀರು ಕುಡಿದು ಅವಳ ಎದೆಯ ಮಚ್ಚೆಗಳು ಮಾಸಿವೆ ಎಂದು ಅಂಜಮ್ಮ ಹೇಳುತ್ತಿದ್ದಳು. ಆ ಪುಟ್ಟ ಅಂಗೈ ನನ್ನ ಮುಂದೆ ಬಿಚ್ಚಿಕೊಂಡಿತ್ತು. ನನ್ನ ಕಣ್ಣಿಗೆ ಎಷ್ಟೋ ವರ್ಷದ ಅಭ್ಯಾಸ, ನಾನು ಬೇಡವೆಂದರೂ ಎಣಿಸಿತು. ಆರು ಗಂಟುಗಳಿದ್ದವು.